ಶ್ರೀ ಭಾಸ್ಕರಾಚಾರ್ಯರ ಚರಿತ್ರೆಯೂ ಪ್ರಳಯವಿಚಾರವೂ

ಶ್ರೀಮಠದ ಉತ್ಸವದ ಈ ಪುಣ್ಯಸಂದರ್ಭದಲ್ಲಿ ಶಿವಶರಣರ ಚರಿತ್ರೆಯನ್ನು ಬಿಟ್ಟು ಗಣಿತಜ್ಞರೊಬ್ಬರ ಚರಿತ್ರೆಯನ್ನು ಏತಕ್ಕೆ ಆರಿಸಿಕೊಂಡೆನೆಂದು ಸದ್ಭಕ್ತರಲ್ಲಿ ಕೆಲವರು ಕೇಳಬಹುದು. ಅದರ ಕಾರಣವನ್ನು ಮೊದಲು ನಿವೇದಿಸುವೆನು. 2012 ನೆಯ ಇಸವಿಯ ಡಿಸೆಂಬರ್ 21 ರಂದು ಲೋಕವು ಮುಗಿದುಹೋಗುವುದೆಂದೂ, ಅಮೆರಿಕಾ ಖಂಡದ ಮಾಯಾ ಎಂಬ ಪುರಾತನ ಜನಾಂಗದ ಕಾಲಗಣನೆಯ ಒಂದು ಮಹಾವೃತ್ತವು ಅಂದು ತುಂಬುವುದೇ ಅದಕ್ಕೆ ಪ್ರಮಾಣವೆಂದೂ ಊರೂರುಗಳಲ್ಲಿ ಮಾತು ಹಬ್ಬಿತ್ತು. ಆ ದಿನಗಳಲ್ಲಿ ಚಿತ್ತವಾಡ್ಗಿಯ ಕಡೆಯ ಒಬ್ಬ ರೈತನು ಮಠಕ್ಕೆ ಬಂದು, ಈಗ ಕಬ್ಬು ನೆಟ್ಟರೆ ಕಡಿಯಲು ಒಂದು ವರುಷ ಬೇಕು, ಅಷ್ಟು ಕಾಲ ಭೂಮಿಯೇ ಇರುವುದೋ ಇಲ್ಲವೋ, ನೆಡಲೋ ಬಿಡಲೋ ಎಂದು ವಿನಯದಿಂದ ಕೇಳಿದನು. ಹಾಸ್ಯಕ್ಕಾಗಿ ಅವನು ಕೇಳಲಿಲ್ಲ. ಬೀಜಕ್ಕೂ ಗೊಬ್ಬರಕ್ಕೂ ಸಾಲ ಎತ್ತಬೇಕಾಗಿದ್ದವನ ನಿಜವಾದ ಸಂಕಟ ಅದಾಗಿತ್ತು.

ಇಂಥ ಭಯವು ನಮ್ಮ ನಾಡಿಗೆ ಹೊಸತೂ ಅಲ್ಲ. 1962 ನೆಯ ಫೆಬ್ರವರಿ ತಿಂಗಳ ಮೊದಲ ವಾರದಲ್ಲಿ ಮಕರರಾಶಿಯಲ್ಲಿ ಅಷ್ಟಗ್ರಹಕೂಟವಾದಾಗ ಭರತಖಂಡದಲ್ಲೆಲ್ಲಾ ಜನರು ಪ್ರಳಯವಾಗುವುದೆಂದು ತಲ್ಲಣಿಸಿ ಹೋಮ ಜಪಗಳನ್ನು ಮಾಡಿಸಿದರು. ಪ್ರಯಾಣಗಳನ್ನೂ ವ್ಯವಹಾರಗಳನ್ನೂ ನಿಲ್ಲಿಸಿದರು. 1980 ನೆಯ ಫೆಬ್ರವರಿ 16 ರಂದು ಹುಬ್ಬಳ್ಳಿ ರಾಯಚೂರು ಸೀಮೆಗಳ ಮೇಲೆ ಖಗ್ರಾಸ ಸೂರ್ಯಗ್ರಹಣವು ಹಾದುಹೋದಾಗ ಈ ಲೇಖಕನು ಬಾಲಕನು. ಹಾಡುಹಗಲೇ ಮನೆಯ ಕದಗಳನ್ನೆಲ್ಲಾ ಮುಚ್ಚಿ, ಹಿರಿಯರ ನಡುವೆ ಉಸಿರು ಹಿಡಿದು ಕುಳಿತಿದ್ದುದು ಇನ್ನೂ ನೆನಪಿನಲ್ಲಿದೆ. ಆ ಭಯವು ನನ್ನನ್ನು ಬಿಟ್ಟದ್ದು ಪಾಠಶಾಲೆಯಲ್ಲಿ ಭಾಸ್ಕರಾಚಾರ್ಯರ ಗೋಲಾಧ್ಯಾಯದ ಪಾಠವಾದ ಮೇಲೆ. ಆ ಮಹನೀಯರ ಋಣವನ್ನು ಕಿಂಚಿತ್ತಾದರೂ ತೀರಿಸುವುದಕ್ಕಾಗಿ ಅವರ ಜೀವಿತವನ್ನೂ ಕಾಲದ ಕುರಿತಾದ ಅವರ ವಿಚಾರವನ್ನೂ ಇಲ್ಲಿ ಸಂಗ್ರಹವಾಗಿ ಬರೆದಿರುವೆನು.

ಭಾಸ್ಕರಾಚಾರ್ಯರು ಶಾಲಿವಾಹನ ಶಕ 1036 ರಲ್ಲಿ, ಎಂದರೆ ಕ್ರಿ. ಶ. 1114 ರಲ್ಲಿ ಜನಿಸಿದರು. ಪೂರ್ವಕಾಲದ ಪಂಡಿತರು ತಮ್ಮ ಕಾಲವನ್ನು ಹೇಳಿಕೊಳ್ಳುವುದು ವಿರಳ. ಆದರೆ ಕಾಲವನ್ನೇ ಶಾಸ್ತ್ರವಿಷಯವನ್ನಾಗಿ ಮಾಡಿಕೊಂಡ ಇವರು ತಾವು ಹುಟ್ಟಿದ ಶಕವನ್ನೂ ಗ್ರಂಥ ರಚಿಸಿದ ವಯಸ್ಸನ್ನೂ ತಮ್ಮ ಕೃತಿಯಲ್ಲಿಯೇ ನಮೂದಿಸಿರುವುದರಿಂದ ಸಂಶಯಕ್ಕೆ ಎಡೆಯಿಲ್ಲ. ಅವರ ಗೋತ್ರವು ಶಾಂಡಿಲ್ಯ. ಊರು ಸಹ್ಯಪರ್ವತದ ಆಶ್ರಯದಲ್ಲಿದ್ದ ವಿಜ್ಜಲವಿಡ. ಇದು ನಮ್ಮ ವಿಜಯಪುರವೇ ಎಂದು ಕನ್ನಡಿಗರು ಬಹುಕಾಲದಿಂದ ಹೇಳುತ್ತ ಬಂದಿರುವರು. ಖಾನದೇಶದ ಪಾಟಣದ ಸಮೀಪದ ಊರೆಂಬುದು ಇನ್ನು ಕೆಲವು ವಿದ್ವಾಂಸರ ಮತ. ಊರು ಯಾವುದೇ ಆಗಲಿ, ಈ ದಕ್ಷಿಣಾಪಥವೇ ಅವರ ನೆಲೆಯೆಂಬುದರಲ್ಲಿ ವಿವಾದವಿಲ್ಲ.

ಅವರ ತಂದೆ ಮಹೇಶ್ವರರು ಪ್ರಸಿದ್ಧ ಜ್ಯೋತಿಷಿಗಳು. ಅವರೇ ಮಗನಿಗೆ ಗುರುಗಳೂ ಆದರು. ಮನೆತನದ ಪರಂಪರೆಯೂ ಸಾಮಾನ್ಯವಾದುದಲ್ಲ. ತ್ರಿವಿಕ್ರಮ, ಭಾಸ್ಕರಭಟ್ಟ, ಗೋವಿಂದ, ಪ್ರಭಾಕರ, ಮನೋರಥ, ಮಹೇಶ್ವರ ಎಂದು ಆರು ತಲೆಮಾರು ಸಾಗಿಬಂದ ವಿದ್ಯೆಯು ಏಳನೆಯವರಾದ ಇವರಲ್ಲಿ ಪೂರ್ಣಫಲವನ್ನು ಕೊಟ್ಟಿತು. ಆ ಮೊದಲನೆಯ ಭಾಸ್ಕರಭಟ್ಟರಿಗೆ ಭೋಜರಾಜನಿಂದ ವಿದ್ಯಾಪತಿಯೆಂಬ ಬಿರುದು ದೊರೆತಿತ್ತೆಂದು ಶಾಸನವು ಹೇಳುವುದು.

ಆಚಾರ್ಯರ ಕಾಲದಲ್ಲಿ ಕನ್ನಡನಾಡು ಗಣಿತಕ್ಕೆ ಬಡವಾಗಿರಲಿಲ್ಲ. ನೃಪತುಂಗನ ಆಶ್ರಯದಲ್ಲಿ ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ರಚಿಸಿ ಎರಡು ಮೂರು ಶತಮಾನಗಳಾಗಿದ್ದವು. ಶ್ರೀಧರಾಚಾರ್ಯರು 1049 ರಲ್ಲಿ ಜಾತಕತಿಲಕವನ್ನು ಕನ್ನಡದಲ್ಲಿಯೇ ಬರೆದಿದ್ದರು. ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡ ಪದ್ಯಗಳಲ್ಲಿ ಹೇಳಿದ್ದನು. ಇದೇ ಶತಮಾನದಲ್ಲಿಯೇ ಬಿಜ್ಜಳನ ಕಲ್ಯಾಣದಲ್ಲಿ ಬಸವಾದಿ ಪ್ರಮಥರ ಅನುಭಾವವು ಬೆಳಗಿತು. ತಿಥಿ ವಾರ ನಕ್ಷತ್ರಗಳಿಗೆ ಅಂಜುವುದು ಭಕ್ತನಿಗೆ ಸಲ್ಲದೆಂದೂ, ಶಿವನನ್ನು ನೆನೆದ ಕ್ಷಣವೇ ಶುಭವೆಂದೂ ಶರಣರು ಸಾರುತ್ತಿದ್ದ ಕಾಲದಲ್ಲಿ, ಆ ತಿಥಿ ವಾರ ನಕ್ಷತ್ರಗಳು ನಿಜವಾಗಿ ಯಾವುವೆಂಬುದನ್ನು ಆಚಾರ್ಯರು ಎಣಿಸಿ ತೋರಿಸುತ್ತಿದ್ದರು. ದಾರಿಗಳು ಬೇರೆ, ಆದರೆ ಕಾಲದ ಭಯವನ್ನು ಕಳೆಯುವುದರಲ್ಲಿ ಎರಡೂ ಒಂದೆಡೆಗೆ ಬರುವುದನ್ನು ಮುಂದೆ ಕಾಣುವೆವು.

ಶಕ 1072 ರಲ್ಲಿ, ಎಂದರೆ 1150 ರಲ್ಲಿ, ತಮ್ಮ ಮೂವತ್ತಾರನೆಯ ವಯಸ್ಸಿನಲ್ಲಿ ಆಚಾರ್ಯರು ಸಿದ್ಧಾಂತಶಿರೋಮಣಿಯನ್ನು ಮುಗಿಸಿದರು. ಅದರಲ್ಲಿ ನಾಲ್ಕು ಭಾಗಗಳು: ಅಂಕಗಣಿತವನ್ನು ಹೇಳುವ ಲೀಲಾವತಿ, ಅವ್ಯಕ್ತರಾಶಿಗಳ ಬೀಜಗಣಿತ, ಗ್ರಹಗಳ ಸ್ಥಾನವನ್ನು ಸಾಧಿಸುವ ಗ್ರಹಗಣಿತ, ಮತ್ತು ಭೂಗೋಲ ಖಗೋಲಗಳ ಉಪಪತ್ತಿಯನ್ನು ತಿಳಿಸುವ ಗೋಲಾಧ್ಯಾಯ. ಇದಕ್ಕೆ ತಾವೇ ವಾಸನಾಭಾಷ್ಯವೆಂಬ ವ್ಯಾಖ್ಯಾನವನ್ನೂ ಬರೆದರು. ವಾಸನೆಯೆಂದರೆ ಈ ಶಾಸ್ತ್ರದಲ್ಲಿ ಯುಕ್ತಿಯೆಂದರ್ಥ. ಸೂತ್ರವನ್ನು ಹೇಳಿ ನಿಲ್ಲದೆ, ಅದು ಏಕೆ ಹಾಗೆಂಬುದನ್ನೂ ಶಿಷ್ಯನಿಗೆ ತಿಳಿಸುವುದು ಅವರ ಪದ್ಧತಿ.

ಲೀಲಾವತಿಯೆಂಬ ಹೆಸರಿನ ಕುರಿತು ಒಂದು ಕಥೆಯುಂಟು. ಅಕಬರ ಬಾದಶಹನ ಆಜ್ಞೆಯಂತೆ ಫೈಜಿಯೆಂಬ ಪಂಡಿತನು 1587 ರಲ್ಲಿ ಆ ಗ್ರಂಥವನ್ನು ಪಾರಸಿಗೆ ಪರಿವರ್ತಿಸಿದಾಗ ಅದರ ಪೀಠಿಕೆಯಲ್ಲಿ ಇದನ್ನು ಬರೆದನು. ಲೀಲಾವತಿಯು ಆಚಾರ್ಯರ ಮಗಳು. ಅವಳ ಜಾತಕದ ದೋಷವನ್ನು ಕಂಡ ತಂದೆಯು ಒಂದೇ ಒಂದು ಸುಮುಹೂರ್ತವನ್ನು ಆರಿಸಿ, ಅದನ್ನು ತಪ್ಪದೆ ತಿಳಿಯಲು ಗಳಿಗೆಬಟ್ಟಲನ್ನು ನೀರಿನಲ್ಲಿ ತೇಲಿಬಿಟ್ಟರು. ಕುತೂಹಲದಿಂದ ಬಗ್ಗಿ ನೋಡಿದ ಹುಡುಗಿಯ ಆಭರಣದ ಒಂದು ಮುತ್ತು ಬಟ್ಟಲಿಗೆ ಉದುರಿ ರಂಧ್ರವನ್ನು ಮುಚ್ಚಿತು, ನೀರು ಒಳಸೇರಲಿಲ್ಲ, ಮುಹೂರ್ತವು ಯಾರಿಗೂ ತಿಳಿಯದೆ ಕಳೆದುಹೋಯಿತು. ದುಃಖಿತಳಾದ ಮಗಳ ಹೆಸರನ್ನು ಚಿರಸ್ಥಾಯಿಯಾಗಿ ಮಾಡುವುದಕ್ಕಾಗಿ ತಂದೆಯು ಗ್ರಂಥಕ್ಕೆ ಅದೇ ಹೆಸರನ್ನಿಟ್ಟರಂತೆ. ಆಚಾರ್ಯರ ಬಳಿಕ ನಾಲ್ಕು ನೂರು ವರ್ಷಗಳಾದ ಮೇಲೆ ಕಾಣಬರುವ ಈ ಕಥೆಯನ್ನು ಐತಿಹ್ಯವೆಂದೇ ಎಣಿಸಬೇಕು. ಆದರೂ ಜನರ ನಾಲಗೆಯ ಮೇಲೆ ಅದು ಉಳಿದುದಕ್ಕೆ ಕಾರಣವುಂಟು: ಕಾಲವನ್ನು ಎಣಿಸಬಲ್ಲವನೂ ಕಾಲವನ್ನು ಹಿಡಿದು ನಿಲ್ಲಿಸಲಾರನು, ಕಳೆದ ಗಳಿಗೆಗೆ ಅಳುವುದಕ್ಕಿಂತ ಉಳಿದ ಆಯುಷ್ಯಕ್ಕೆ ವಿದ್ಯೆಯನ್ನು ಕೊಡುವುದು ಮೇಲು.

ಇನ್ನು ಗೋಲಾಧ್ಯಾಯದ ವಿಚಾರ. ಭೂಮಿಯು ಗೋಲಾಕಾರವಾಗಿದ್ದು ಯಾವ ಆಧಾರವೂ ಇಲ್ಲದೆ ಆಕಾಶದಲ್ಲಿ ಸ್ವಶಕ್ತಿಯಿಂದಲೇ ನಿಂತಿರುವುದೆಂದು ಆಚಾರ್ಯರು ಸ್ಥಾಪಿಸಿದರು. ಶೇಷನೋ ಕೂರ್ಮನೋ ಭೂಮಿಯನ್ನು ಹೊತ್ತಿರುವುದಾದರೆ ಅವರನ್ನು ಹೊತ್ತವರು ಯಾರು, ಆ ಹೊತ್ತವರನ್ನು ಹೊತ್ತವರು ಯಾರು ಎಂಬ ಪ್ರಶ್ನೆಗೆ ಕೊನೆಯೇ ಇಲ್ಲ. ಕೊನೆಯಲ್ಲಿ ಒಂದು ವಸ್ತುವಿಗೆ ಸ್ವಶಕ್ತಿಯನ್ನು ಒಪ್ಪಬೇಕಾದರೆ ಮೊದಲು ಭೂಮಿಗೇ ಏಕೆ ಒಪ್ಪಬಾರದೆಂಬುದು ಅವರ ಯುಕ್ತಿ. ಭೂಮಿಯು ಸದಾ ಕೆಳಗೆ ಬೀಳುತ್ತಿದೆಯೆಂಬ ವಾದವನ್ನೂ, ಎರಡು ಸೂರ್ಯರು ಎರಡು ಚಂದ್ರರು ಇರುವರೆಂಬ ವಾದವನ್ನೂ ಅವರು ಖಂಡಿಸಿದರು. ಭೂಮಿಯು ಚಪ್ಪಟೆಯಾಗಿ ತೋರುವುದೇಕೆಂದರೆ, ದೊಡ್ಡ ವೃತ್ತದ ನೂರರಲ್ಲೊಂದು ಭಾಗವು ಕಣ್ಣಿಗೆ ನೇರವಾಗಿಯೇ ಕಾಣುವುದು. ಅವರ ಲೆಕ್ಕದಲ್ಲಿ ಭೂಪರಿಧಿಯು 4,967 ಯೋಜನ.

ಗ್ರಹಣದ ವಿಷಯದಲ್ಲಿಯೂ ಹಾಗೆಯೇ. ಚಂದ್ರನು ಭೂಮಿಯ ನೆರಳನ್ನು ಹೊಕ್ಕರೆ ಚಂದ್ರಗ್ರಹಣ. ಚಂದ್ರನು ಸೂರ್ಯನಿಗೆ ಅಡ್ಡ ಬಂದರೆ ಸೂರ್ಯಗ್ರಹಣ. ಒಂದೇ ಸೂರ್ಯಗ್ರಹಣವು ಒಂದೂರಿನಲ್ಲಿ ಪೂರ್ಣವಾಗಿಯೂ ಇನ್ನೊಂದೂರಿನಲ್ಲಿ ಅರ್ಧವಾಗಿಯೂ ಕಾಣುವುದರಿಂದ ಅದು ಯಾವನೋ ರಾಕ್ಷಸನ ನುಂಗುವಿಕೆಯಾಗಲಾರದು. ಪುರಾಣದಲ್ಲಿ ನಂಬುಗೆಯುಳ್ಳವರ ಮನಸ್ಸನ್ನು ನೋಯಿಸದಂತೆ, ಬ್ರಹ್ಮನ ವರದಿಂದ ರಾಹುವು ಆ ನೆರಳಿನಲ್ಲಿಯೇ ಸೇರಿಕೊಳ್ಳುವನೆಂದು ಹೇಳಿ ಶ್ರುತಿಗೂ ಯುಕ್ತಿಗೂ ಸಂಧಿಯನ್ನು ಮಾಡಿದರು. ನಮ್ಮ ಹಂಪೆಯ ಅರಸರ ಶಾಸನಗಳನ್ನು ಓದಿದವರಿಗೆ ಗ್ರಹಣಕಾಲದಲ್ಲಿ ಭೂಮಿಯನ್ನೂ ಅಗ್ರಹಾರಗಳನ್ನೂ ದಾನ ಮಾಡಿದ ಉಲ್ಲೇಖಗಳು ಎಷ್ಟೋ ಸಿಕ್ಕುವುವು. ಮುಂಚಿತವಾಗಿಯೇ ಗಣಿಸಿ ತಿಳಿದ ಗ್ರಹಣವು ಅವರಿಗೆ ಕೈಯೆತ್ತಿ ಕೊಡುವ ಪರ್ವಕಾಲವಾಗಿತ್ತು.

ಪ್ರಕೃತ ಪ್ರಳಯದ ವಿಚಾರಕ್ಕೆ ಬರೋಣ. ವಿರೂಪಾಕ್ಷನ ಸನ್ನಿಧಿಯಲ್ಲಿ ಅರ್ಚಕರು ಸಂಕಲ್ಪ ಮಾಡುವಾಗ ಕಲ್ಪ ಮನ್ವಂತರ ಯುಗಗಳನ್ನು ಹೆಸರಿಸುವುದನ್ನು ಭಕ್ತರು ಕೇಳಿರುವಿರಷ್ಟೆ. ಆ ಹೆಸರುಗಳ ಹಿಂದೆ ಇರುವ ಎಣಿಕೆಯನ್ನು ಆಚಾರ್ಯರು ಬ್ರಹ್ಮಗುಪ್ತರ ಮಾರ್ಗವನ್ನನುಸರಿಸಿ ಹೀಗೆ ನಿರೂಪಿಸಿದರು. ಬ್ರಹ್ಮನ ಒಂದು ಹಗಲೇ ಕಲ್ಪ. ಅದರ ಪ್ರಮಾಣವು 432 ಕೋಟಿ ಸೌರವರ್ಷ. ಆ ಕಲ್ಪದಲ್ಲಿನ ಸಾವನದಿನಗಳು 15,77,91,64,50,000. ಶಾಲಿವಾಹನ ಶಕದ ಆರಂಭಕ್ಕೆ ಅದರಲ್ಲಿ ಕಳೆದಿದ್ದ ವರ್ಷಗಳು 1,97,29,47,179. ಕಲಿಯುಗದ ಪ್ರಮಾಣವು 4,32,000 ವರ್ಷ, ಅದು ಕ್ರಿ. ಪೂ. 3102 ರಲ್ಲಿ ಆರಂಭವಾಯಿತು. ಆಚಾರ್ಯರು ಹುಟ್ಟಿದಾಗ ಕಲಿಯಲ್ಲಿ 4,215 ವರ್ಷಗಳು ಕಳೆದಿದ್ದವು. ಈಗ 5,100 ನ್ನು ದಾಟಿದೆ. ಎಂದರೆ ಶಾಸ್ತ್ರದ ಲೆಕ್ಕದಂತೆಯೇ ಕಲಿಯುಗವು ಮುಗಿಯಲು 4,26,000 ವರ್ಷಗಳಿಗೂ ಮಿಕ್ಕು, ಕಲ್ಪವು ಮುಗಿಯಲು 234 ಕೋಟಿ ವರ್ಷಗಳಿಗೂ ಮಿಕ್ಕು ಉಳಿದಿರುವುದು. ಕಲಿಯ ಹೆಸರನ್ನು ಹೇಳಿ ನಾಳೆಯೇ ಪ್ರಳಯವೆಂದು ಬೆದರಿಸುವವನು ಲೋಕವನ್ನು ಮಾತ್ರವಲ್ಲದೆ ತಾನು ಹೆಸರಿಸುವ ಶಾಸ್ತ್ರವನ್ನೂ ಅರಿಯನು.

ಗ್ರಹಕೂಟದ ಮಾತೂ ಇಷ್ಟೇ. ಸಕಲ ಗ್ರಹಗಳೂ ಅವುಗಳ ಉಚ್ಚಪಾತಗಳೊಡನೆ ಮೇಷಾದಿಯಲ್ಲಿ ಒಂದುಗೂಡುವುದು ಆಚಾರ್ಯರ ಸಿದ್ಧಾಂತದಲ್ಲಿ ಕಲ್ಪದ ಆರಂಭದಲ್ಲಿ; ಮತ್ತೆ ಹಾಗಾಗಲು ಕಲ್ಪವು ಪೂರ್ಣವಾಗಬೇಕು. ನಡುವೆ ಒಂದು ರಾಶಿಯಲ್ಲಿ ಐದಾರು ಗ್ರಹಗಳು ಸೇರುವುದು ಅವುಗಳ ಗತಿಯ ಸಹಜಫಲ. ಒಂದೇ ಕೆರೆಯ ಏರಿಯ ಮೇಲೆ ಬೇರೆ ಬೇರೆ ವೇಗದಲ್ಲಿ ಸುತ್ತು ಬರುವವರು ಆಗೊಮ್ಮೆ ಈಗೊಮ್ಮೆ ಒಂದೆಡೆ ಕೂಡುವರು, ಮತ್ತೆ ಅಗಲುವರು. ಅದರಿಂದ ಏರಿಯು ಒಡೆಯುವುದಿಲ್ಲ.

ಪ್ರಳಯವೇ ಇಲ್ಲವೆಂದು ಆಚಾರ್ಯರು ಹೇಳಿದರೆ? ಇಲ್ಲ. ಗೋಲಾಧ್ಯಾಯದ ಭುವನಕೋಶದಲ್ಲಿ ನಾಲ್ಕು ವಿಧವಾದ ಲಯಗಳನ್ನು ವಿವರಿಸಿದರು. ಈ ಲೇಖನದ ಸಾರವೆಲ್ಲಾ ಇದರಲ್ಲಿರುವುದರಿಂದ ವಾಚಕರು ಅವಧಾನವಿಟ್ಟು ಓದಬೇಕು. ಮೊದಲನೆಯದು ದೈನಂದಿನ ಲಯ: ದಿನದಿನವೂ ಪ್ರಾಣಿಗಳು ಸಾಯುತ್ತಿರುವುದೇ ಅದು. ಎರಡನೆಯದು ಬ್ರಾಹ್ಮಲಯ: ಬ್ರಹ್ಮನ ಹಗಲಿನ ಕೊನೆಯಲ್ಲಿ ಭೂತಗಳು ಬ್ರಹ್ಮನ ಶರೀರವನ್ನು ಸೇರುವುವು. ಆಗಲೂ ಭೂಮಿಯು ಪೂರ್ತಿಯಾಗಿ ನಾಶವಾಗುವುದಿಲ್ಲ. ಆ ಹಗಲಿನಲ್ಲಿ ಸುತ್ತಲೂ ಬೆಳೆದಿದ್ದ ಒಂದು ಯೋಜನದಷ್ಟು ಮಣ್ಣು ಮಾತ್ರ ಅಳಿಯುವುದು. ಮೂರನೆಯದು ಪ್ರಾಕೃತಿಕ ಲಯ: ಬ್ರಹ್ಮನ ಆಯುಷ್ಯವೇ ತೀರಿದಾಗ ಸಮಸ್ತವೂ ಪ್ರಕೃತಿಯನ್ನು ಸೇರುವುದು. ನಾಲ್ಕನೆಯದು ಆತ್ಯಂತಿಕ ಲಯ: ಜ್ಞಾನಾಗ್ನಿಯಲ್ಲಿ ಪುಣ್ಯಪಾಪಗಳೆರಡನ್ನೂ ಸುಟ್ಟ ಯೋಗಿಗಳು ಮನಸ್ಸನ್ನು ಪರಮಾತ್ಮನಲ್ಲಿ ನಿಲ್ಲಿಸಿ, ಮರಳಿ ಹುಟ್ಟದ ಪದವನ್ನು ಸೇರುವುದು.

ಈ ನಾಲ್ಕರ ಕ್ರಮವನ್ನು ವಿಚಾರಿಸಿ ನೋಡಿದರೆ ಭಯಕ್ಕೆ ಎಡೆಯೆಲ್ಲಿ? ಎರಡನೆಯದೂ ಮೂರನೆಯದೂ ನಮ್ಮ ಎಣಿಕೆಗೆ ಮೀರಿದಷ್ಟು ದೂರ. ನಮ್ಮನ್ನು ನಿಜವಾಗಿ ಮುಟ್ಟುವುವು ಮೊದಲನೆಯದೂ ಕೊನೆಯದೂ. ದೈನಂದಿನ ಲಯವು ಮನೆಯ ಬಾಗಿಲಲ್ಲೇ ನಿಂತಿದೆ. ಅದಕ್ಕೆ ಗ್ರಹಕೂಟದ ಅಪೇಕ್ಷೆಯಿಲ್ಲ. ಆತ್ಯಂತಿಕ ಲಯವಾದರೋ ಅಂಜತಕ್ಕದ್ದಲ್ಲ, ಸಾಧಿಸತಕ್ಕದ್ದು. ನಮ್ಮ ಶರಣರು ಲಿಂಗೈಕ್ಯವೆಂದು ಕರೆದ ನಿಲುವನ್ನು ಬಲ್ಲವರಿಗೆ, ಹರಿಭಕ್ತರಾದ ಆಚಾರ್ಯರು ಬೇರೊಂದು ಪರಿಭಾಷೆಯಲ್ಲಿ ಹೇಳಿದ ಈ ನಾಲ್ಕನೆಯ ಲಯವು ಅಪರಿಚಿತವಾಗಿ ತೋರದು. ಕಾಲವನ್ನೆಣಿಸುವ ಶಾಸ್ತ್ರವೂ ಕಾಲಕ್ಕಂಜದ ಭಕ್ತಿಯೂ ಒಂದೆಡೆ ಸೇರುವುವೆಂದು ಮೊದಲು ಹೇಳಿದುದು ಇದನ್ನೇ.

ಆಚಾರ್ಯರು ವೃದ್ಧಾಪ್ಯದಲ್ಲಿಯೂ ಎಣಿಕೆಯನ್ನು ಬಿಡಲಿಲ್ಲ. ಶಕ 1105 ರಲ್ಲಿ, ಎಂದರೆ 1183 ರಲ್ಲಿ, ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಕರಣಕುತೂಹಲವನ್ನು ಬರೆದರು. ಕಲ್ಪಾದಿಯಿಂದ ಎಣಿಸುವ ಶ್ರಮವನ್ನು ತಪ್ಪಿಸಿ, ಆ ವರ್ಷದಿಂದಲೇ ಆರಂಭಿಸಿ ಸುಲಭವಾಗಿ ಗ್ರಹಗಳನ್ನು ಸಾಧಿಸುವ ಕೈಹೊತ್ತಿಗೆಯದು. ಪಂಚಾಂಗಕರ್ತರಿಗೆ ಬಹುಕಾಲ ನೆರವಾಯಿತು. ಅದಾದ ಮೂರೇ ವರ್ಷಕ್ಕೆ, 1186 ನೆಯ ಸೆಪ್ಟೆಂಬರಿನಲ್ಲಿ, ಬರಿಗಣ್ಣಿಗೆ ಕಾಣುವ ಗ್ರಹಗಳೆಲ್ಲವೂ ಪಾಶ್ಚಾತ್ಯ ಗಣನೆಯ ತುಲಾರಾಶಿಯಲ್ಲಿ ಕೂಡಿದವು. ಯುರೋಪಖಂಡದಲ್ಲಿ ಟೊಲೆಡೊ ಪಟ್ಟಣದ ಜ್ಯೋತಿಷಿಗಳದೆಂಬ ಒಂದು ಪತ್ರವು ಕೈಯಿಂದ ಕೈಗೆ ಹರಡಿ, ಬಿರುಗಾಳಿ ಭೂಕಂಪಗಳಿಂದ ಲೋಕವು ಹಾಳಾಗುವುದೆಂದು ಜನರನ್ನು ನಡುಗಿಸಿತು. ಪಾರಸೀಕದೇಶದಲ್ಲಿ ಕವಿಯೂ ಜ್ಯೋತಿಷಿಯೂ ಆದ ಅನ್ವರಿಯು ಮಹಾವಾತ ಬೀಸುವುದೆಂದು ಭವಿಷ್ಯ ನುಡಿದನು. ಆ ದಿನ ಬಂದಾಗ ಗೋಪುರದ ತುದಿಯಲ್ಲಿಟ್ಟ ದೀಪವನ್ನು ನಂದಿಸುವಷ್ಟು ಗಾಳಿಯೂ ಬೀಸಲಿಲ್ಲವೆಂದು ಅಲ್ಲಿಯ ಐತಿಹ್ಯವು ಹೇಳುವುದು. ಗ್ರಹಗಳು ಕೂಡುವುವೆಂಬ ಗಣಿತವು ಸರಿಯಾಗಿತ್ತು; ಲೋಕವು ಮುಗಿಯುವುದೆಂಬ ಫಲಿತವು ಸುಳ್ಳಾಯಿತು. 1962 ರಲ್ಲಿ ನಮ್ಮಲ್ಲಿ ನಡೆದುದೂ ಇದೇ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಆಚಾರ್ಯರು ಫಲಜ್ಯೋತಿಷವನ್ನು ನಿರಾಕರಿಸಿದವರಲ್ಲ. ಶಾಸ್ತ್ರದ ಪ್ರಯೋಜನವು ಆದೇಶವೆಂದೂ, ಆದೇಶಕ್ಕೆ ಲಗ್ನವೂ, ಲಗ್ನಕ್ಕೆ ಸ್ಫುಟಗ್ರಹವೂ, ಸ್ಫುಟಗ್ರಹಕ್ಕೆ ಗೋಲಜ್ಞಾನವೂ, ಗೋಲಜ್ಞಾನಕ್ಕೆ ಗಣಿತವೂ ಮೂಲವೆಂದೂ ಅವರು ಒಪ್ಪಿದ್ದರು. ಆದರೆ ಗಣಿತವಿಲ್ಲದವನಿಗೆ ಭವಿಷ್ಯವನ್ನು ನುಡಿಯುವ ಅಧಿಕಾರವೇ ಇಲ್ಲವೆಂಬುದು ಇದರಿಂದ ತಾನಾಗಿ ಸಿದ್ಧಿಸುವುದು. ಹಾಗೆಯೇ ಗ್ರಹಗಳು ಭೂಮಿಯನ್ನು ಸುತ್ತುವುವೆಂಬ ಅವರ ಮತವು ಇಂದು ನಿಲ್ಲುವುದಿಲ್ಲ. ಈಗಿನ ವಿಜ್ಞಾನಿಗಳು ಭೂಮಿಯ ವಯಸ್ಸನ್ನು ಸುಮಾರು 454 ಕೋಟಿ ವರ್ಷಗಳೆಂದು ಶಿಲೆಗಳನ್ನೂ ಉಲ್ಕೆಗಳನ್ನೂ ಪರೀಕ್ಷಿಸಿ ನಿರ್ಣಯಿಸಿರುವರು. ಇದು ಕಲ್ಪದ 432 ಕೋಟಿಗೆ ಸಮೀಪವಾಗಿ ಕಂಡಿತೆಂದು ಹಿಗ್ಗುವುದು ವಿವೇಕವಲ್ಲ. ಒಂದು ಕಲ್ಪದ ಪೂರ್ಣಪ್ರಮಾಣ, ಇನ್ನೊಂದು ಕಳೆದ ಕಾಲ. ಸಾಧಿಸಿದ ಮಾರ್ಗಗಳೂ ಬೇರೆ. ಯುಕ್ತಿಗೆ ನಿಲ್ಲದ ಮಾತನ್ನು ಹಿರಿಯರ ಮೇಲಿನ ಅಭಿಮಾನದಿಂದ ಎತ್ತಿಹಿಡಿದರೆ ಯಂತ್ರಗಳಲ್ಲೆಲ್ಲಾ ಬುದ್ಧಿಯಂತ್ರವೇ ಮೇಲೆಂದು ಬಗೆದ ಆಚಾರ್ಯರಿಗೆ ಅಪಚಾರ ಮಾಡಿದಂತಾಗುವುದು.

ಆಚಾರ್ಯರ ಮಗ ಲಕ್ಷ್ಮೀಧರರನ್ನು ಯಾದವರಾಜನಾದ ಜೈತ್ರಪಾಲನು ಕರೆದೊಯ್ದು ಪಂಡಿತರಲ್ಲಿ ಅಗ್ರಣಿಯನ್ನಾಗಿ ಮಾಡಿದನು. ಮೊಮ್ಮಗ ಚಾಂಗದೇವರು ಸಿಂಘಣರಾಜನ ಜ್ಯೋತಿಷಿಗಳಾದರು. ಅವರು ಮಾಡಿದ ಕಾರ್ಯವು ಮಠದ ಭಕ್ತರಾದ ನಾವು ವಿಶೇಷವಾಗಿ ನೆನೆಯತಕ್ಕದ್ದು. ಅಜ್ಜನ ಸಿದ್ಧಾಂತಶಿರೋಮಣಿ ಮೊದಲಾದ ಗ್ರಂಥಗಳ ಪಾಠಕ್ಕಾಗಿಯೇ ಅವರು ಪಾಟಣದಲ್ಲಿ ಒಂದು ಮಠವನ್ನು ಸ್ಥಾಪಿಸಿದರು. 1207 ರಲ್ಲಿ ಶ್ರಾವಣದ ಹುಣ್ಣಿಮೆಯ ಚಂದ್ರಗ್ರಹಣದ ದಿನ ನಿಕುಂಭವಂಶದ ಸೋಯಿದೇವನು ಆ ಮಠಕ್ಕೆ ದತ್ತಿಯನ್ನು ಬಿಟ್ಟನೆಂದು ಅಲ್ಲಿಯ ಶಾಸನವು ತಿಳಿಸುವುದು. ಗ್ರಹಣವೆಂದರೆ ನೆರಳೆಂದು ಕಲಿಸಿದವರ ಪಾಠಶಾಲೆಗೆ ಗ್ರಹಣದ ದಿನವೇ ದಾನ ಬಂದುದು ಉಚಿತವಾಗಿಯೇ ಇದೆ. ಮಠವೆಂದರೆ ಪೂಜೆಯ ಸ್ಥಾನ, ದಾಸೋಹದ ಸ್ಥಾನ, ಅದರಂತೆಯೇ ತಿಳಿವಿನ ಸ್ಥಾನವೂ ಹೌದೆಂಬುದಕ್ಕೆ ಎಂಟು ನೂರು ವರ್ಷಗಳ ಹಿಂದಿನ ಈ ಕಲ್ಲೇ ಸಾಕ್ಷಿ.

ನಮ್ಮ ಪರಂಪರೆಯಲ್ಲಿಯೂ ಕಾಲಜ್ಞಾನದ ಗ್ರಂಥಗಳುಂಟು. ಕಲ್ಯಾಣದ ವಿಪ್ಲವದ ಬಳಿಕ, ವೀರವಸಂತರಾಯನೆಂಬ ಧರ್ಮಪ್ರಭುವು ಬರುವನೆಂಬ ನಿರೀಕ್ಷೆಯು ಅವುಗಳಲ್ಲಿ ಬೆಳೆಯಿತು; ಹದಿನಾರನೆಯ ಶತಮಾನದ ಕೊಡೇಕಲ್ಲ ಬಸವಣ್ಣನವರ ಕಾಲಜ್ಞಾನವು ಸುರಪುರದ ಸೀಮೆಯಲ್ಲಿ ಇಂದಿಗೂ ಪೂಜ್ಯ. ಅವುಗಳನ್ನು ಪಂಚಾಂಗದಂತೆ ಓದಬಾರದು. ಹಾಳಾದುದು ಮತ್ತೆ ನೆಟ್ಟಗಾಗುವುದೆಂಬ ಧೈರ್ಯವನ್ನು ನೊಂದ ಜನರಿಗೆ ಕೊಡುವುದೇ ಅವುಗಳ ಹೃದಯ. ಹಂಪೆಯ ಹಾಳುಬಿದ್ದ ಪೇಟೆಗಳನ್ನು ದಿನವೂ ಕಾಣುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1565 ರಲ್ಲಿ ಆ ಮಹಾನಗರಕ್ಕೆ ಬಂದ ಪ್ರಳಯವನ್ನು ತಂದವರು ಮನುಷ್ಯರು, ಗ್ರಹಗಳಲ್ಲ. ಅದಾದ ಮೇಲೂ ತುಂಗಭದ್ರೆಯು ಹರಿಯಿತು, ಅರಸರು ತೋಡಿಸಿದ ಕಾಲುವೆಗಳಲ್ಲಿ ನೀರು ನಡೆಯಿತು, ಗದ್ದೆಗಳು ಬೆಳೆದವು.

ಆ ರೈತನಿಗೆ ಅಂದು ಮಠದಲ್ಲಿ ಭಾಸ್ಕರಾಚಾರ್ಯರ ಲೆಕ್ಕವನ್ನು ಬಿಡಿಸಿ ಹೇಳಲಾಯಿತು. ಕಲಿಯಲ್ಲಿ ಇನ್ನೂ ನಾಲ್ಕು ಲಕ್ಷ ವರ್ಷಗಳಿಗೂ ಮಿಕ್ಕಿದೆಯೆಂದು ಕೇಳಿ ಅವನು ಮೊದಲು ನಕ್ಕನು. ಬಳಿಕ ಭಸ್ಮವನ್ನು ಧರಿಸಿ ಹೊಲಕ್ಕೆ ಹೋದನು. ಕಬ್ಬು ನೆಟ್ಟನು, ಮರುವರುಷ ಕಡಿದನು, ಮೊದಲ ಬೆಲ್ಲದ ಅಚ್ಚನ್ನು ದಾಸೋಹಕ್ಕೆ ತಂದೊಪ್ಪಿಸಿದನು. ಕಾಯಕವನ್ನು ನಿಲ್ಲಿಸುವ ಭಯವು ಭಕ್ತಿಯಲ್ಲ. ಕಾಯಕವನ್ನು ನಡೆಯಿಸುವ ತಿಳಿವು ಭಕ್ತಿಗೆ ವಿರೋಧಿಯಲ್ಲ. ಆಚಾರ್ಯರ ಚರಿತ್ರೆಯಿಂದ ನಾವು ಗ್ರಹಿಸತಕ್ಕುದು ಇದನ್ನೇ. ಶ್ರೀಗುರುವಿನ ಕೃಪೆಯಿಂದ ಇಂಥ ತಿಳಿವು ಶ್ರೀಮಠದ ಶಿಷ್ಯಸಂಕುಲದಲ್ಲಿ ಸದಾ ನೆಲೆಗೊಳ್ಳಲೆಂದು ಪ್ರಾರ್ಥಿಸಿ ವಿರಮಿಸುವೆನು.